ಸಾಲು ಮುಗಿಯುವ ತನಕ

ಹಗರಿಬೊಮ್ಮನಹಳ್ಳಿ ತಾಲ್ಲೂಕು
12 ಜೂನ್ 2024

ಕಲ್ಯಾಣಮ್ಮ ಟೀಚರ್‌ಗೆ ಯಶೋಧಾ ಮಾಡುವ ಶರಣು.

ಯಾವ ಯಶೋಧಾ ಎಂದು ನೀವು ಕನ್ನಡಕ ಹುಡುಕುವ ಮೊದಲೇ ಹೇಳಿಬಿಡುತ್ತೇನೆ. ಹೊಸಹಳ್ಳಿ ಹೋಬಳಿಯ ನಮ್ಮ ಹೈಸ್ಕೂಲಿನಲ್ಲಿ 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ನೋಡುತ್ತಾಳೆ ಎಂದು ನೀವು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದಿರಿ. ಆಗ ನೋಡುತ್ತಿದ್ದುದು ಹಕ್ಕಿಯನ್ನು. ಈಗಲೂ ಅದೇ ಕೆಲಸ. ಹೋದ ವಾರ ಉಜ್ಜಿನಿಗೆ ಹೋದಾಗ ನಮ್ಮ ಕ್ಲಾಸಿನ ಸುಮಲತಾ ಸಿಕ್ಕಳು. ನೀವು ರಿಟೈರಾಗಿ ಕೊಟ್ಟೂರಿನಲ್ಲಿ ಇದ್ದೀರಿ ಎಂದು ಹೇಳಿ ವಿಳಾಸ ಕೊಟ್ಟಳು. ನಂಬರ್ ಅವಳ ಹತ್ತಿರವೂ ಇರಲಿಲ್ಲ, ಅದಕ್ಕೇ ಈ ಪತ್ರ.

ನನ್ನನ್ನು ಕೊಟ್ಟ ಊರು ಹಗರಿಬೊಮ್ಮನಹಳ್ಳಿಯಿಂದ ಸ್ವಲ್ಪ ಒಳಗೆ. ಊರ ಪಕ್ಕದಲ್ಲೇ ದೊಡ್ಡ ಕೆರೆ, ಕೆರೆಯ ನೀರಿನೊಳಗೇ ನಿಂತ ಕರಿಜಾಲಿ ಮರಗಳು, ಮರದ ತುಂಬ ಹಕ್ಕಿ. ಮಳೆಗಾಲದಿಂದ ಬೇಸಿಗೆಯ ತನಕ ಒಂದಲ್ಲ ಒಂದು ಜಾತಿ ಗೂಡು ಕಟ್ಟುತ್ತಲೇ ಇರುತ್ತದೆ. ನನ್ನ ಗಂಡ ಹುಲುಗೇಶ ಟ್ರ್ಯಾಕ್ಟರ್ ಓಡಿಸುತ್ತಾರೆ. ನಾನು ಹೊಲದ ಕೆಲಸ ಇಲ್ಲದ ದಿನ ಅರಣ್ಯದವರ ಜೊತೆ ಗೂಡು ಎಣಿಸಲು ಹೋಗುತ್ತೇನೆ. ಎಂಟು ವರ್ಷವಾಯಿತು. ಯಾವ ಮರದಲ್ಲಿ ಯಾವ ಕೊಕ್ಕರೆ, ಯಾವ ಗೂಡಿನಲ್ಲಿ ಎಷ್ಟು ಮರಿ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಕನ್ನಡದಲ್ಲಿ.

ತೊಂದರೆ ಇರುವುದೇ ಅಲ್ಲಿ. ಚಳಿಗಾಲದಲ್ಲಿ ಹಂಪಿ ನೋಡಲು ಬಂದವರು ಇಲ್ಲಿಗೂ ಬರುತ್ತಾರೆ. ಜೊತೆಗೆ ಹೊರಗಿನ ಗೈಡ್ ಒಬ್ಬ. ಅವನು ಇಂಗ್ಲಿಷ್ ಮಾತಾಡಿದರೆ ಎದುರಿಗಿದ್ದವರು ತಲೆದೂಗಬೇಕು, ಹಾಗೆ ಮಾತಾಡುತ್ತಾನೆ. ಹೇಳುವುದು ಮಾತ್ರ ಅರ್ಧ ಸುಳ್ಳು. ನೀರುಕಾಗೆಗೆ ಬೆರಳು ತೋರಿಸಿ ‘ಡಕ್’ ಎನ್ನುತ್ತಾನೆ. ನಾನು ಅವರ ಬ್ಯಾಗು ಹೊತ್ತುಕೊಂಡು ಹಿಂದೆ ನಿಂತಿರುತ್ತೇನೆ. ಹೋದ ಜನವರಿಯಲ್ಲಿ ಫೋಟೋ ತೆಗೆಯಲು ನಾಲ್ಕು ಜನ ನೀರಿಗಿಳಿದು ಗೂಡಿನ ಮರದ ಬುಡಕ್ಕೇ ಹೋದರು. ನಾನು ದಂಡೆಯ ಮೇಲಿಂದ, “ಬ್ಯಾಡ್ರಿ, ಒಳಗ ಹೋಗಬ್ಯಾಡ್ರಿ!” ಎಂದು ಎರಡೂ ಕೈಯೆತ್ತಿ ಕೂಗಿದೆ. ಅವರು ನಗುತ್ತಾ ನನಗೆ ಕೈ ಬೀಸಿದರು. ತಾಯಿಹಕ್ಕಿಗಳು ಗಾಬರಿಯಾಗಿ ಎದ್ದವು. ಎರಡು ಮರಿ ನೀರಿಗೆ ಬಿದ್ದವು ಟೀಚರ್. ನಾನೇ ಎತ್ತಿದೆ, ಉಳಿಯಲಿಲ್ಲ.

ಈಗ ಹಕ್ಕಿ ನೋಡುವವರ ಸಂಘವೊಂದು ನಮ್ಮ ಊರಿನವರಲ್ಲೇ ಒಬ್ಬರನ್ನು ಗೈಡ್ ಮಾಡಬೇಕೆಂದಿದೆ. ಆಗಸ್ಟ್ 17ಕ್ಕೆ ಪರೀಕ್ಷೆ. ಬಂದವರಿಗೆ ಇಂಗ್ಲಿಷಿನಲ್ಲಿ ಕೆರೆ ತೋರಿಸಬೇಕು. ನಿಮ್ಮಷ್ಟು ಇಂಗ್ಲಿಷ್ ಬಲ್ಲವರು ನನಗೆ ಬೇರೆ ಯಾರೂ ಗೊತ್ತಿಲ್ಲ. ದಿನಾ ಸಂಜೆ ಅರ್ಧ ಗಂಟೆ ಫೋನಿನಲ್ಲಿ ನನ್ನ ಜೊತೆ ಇಂಗ್ಲಿಷ್ ಮಾತಾಡುತ್ತೀರಾ? ನಂಬರ್ ಕೆಳಗೆ ಬರೆದಿದ್ದೇನೆ. ನೀವೊಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು.

ನಿಮ್ಮ ಕಿಟಕಿ ಪಕ್ಕದ ಹುಡುಗಿ,
ಯಶೋಧಾ


ಕೊಟ್ಟೂರು
20 ಜೂನ್ 2024

ಯಶೋಧಾ,

ನಿನ್ನ ಪತ್ರ ಮೂರು ಸಲ ಓದಿದೆ. ನೆನಪಿದೆ ನೀನು. ಕ್ಲಾಸಿಗೆಲ್ಲ ಗಟ್ಟಿ ದನಿ ನಿನ್ನದೇ. ಇಷ್ಟು ವರ್ಷದ ಮೇಲೆ ಒಬ್ಬ ಹುಡುಗಿ ಇಂಗ್ಲಿಷ್ ಕಲಿಸಿ ಎಂದು ಕೇಳಿದರೆ ಮುದುಕಿಗೆ ಎಷ್ಟು ಸಂತೋಷವಾಗುತ್ತದೆ ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಇಲ್ಲಿ ಓಣಿಯವರೆಲ್ಲ ನನ್ನನ್ನು ಈಗಲೂ ‘ಇಂಗ್ಲಿಷ್ ಟೀಚರ್’ ಎಂದೇ ಕರೆಯುವುದು.

ಆದರೆ ಫೋನ್ ಆಗುವುದಿಲ್ಲ. ನನ್ನ ಗಂಟಲು ಕೆಟ್ಟಿದೆ. ಹೆಚ್ಚು ಮಾತಾಡಬಾರದು ಎಂದಿದ್ದಾರೆ ಡಾಕ್ಟರು. ಅಲ್ಲದೆ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಪತ್ರದಲ್ಲೇ ಕಲಿಸುತ್ತೇನೆ.

ಇದರ ಜೊತೆ ನಾಲ್ಕು ಪುಟದ ಭಾಷಣ ಇಟ್ಟಿದ್ದೇನೆ. ‘ಗುಡ್ ಮಾರ್ನಿಂಗ್, ರೆಸ್ಪೆಕ್ಟೆಡ್ ಲೇಡೀಸ್ ಅಂಡ್ ಜಂಟಲ್‌ಮೆನ್’ ಎಂದು ಶುರುವಾಗಿ ‘ಥ್ಯಾಂಕಿಂಗ್ ಯೂ ಒನ್ಸ್ ಅಗೇನ್’ ಎಂದು ಮುಗಿಯುತ್ತದೆ. ಡಿಕ್ಷನರಿ ಮುಂದಿಟ್ಟುಕೊಂಡು ಐದು ದಿನ ಕೂತು ಬರೆದಿದ್ದೇನೆ, ಒಂದು ತಪ್ಪು ಹುಡುಕು ನೋಡೋಣ. ಹತ್ತು ನಿಮಿಷಕ್ಕೆ ಸರಿಯಾಗುತ್ತದೆ. ಉಚ್ಚಾರಣೆ ಕನ್ನಡದಲ್ಲೇ ಮೇಲೆ ಬರೆದಿದ್ದೇನೆ. ಬಾಯಿಪಾಠ ಮಾಡು.

ಕಲ್ಯಾಣಮ್ಮ


ಹಗರಿಬೊಮ್ಮನಹಳ್ಳಿ ತಾಲ್ಲೂಕು
9 ಜುಲೈ 2024

ಟೀಚರ್‌ಗೆ ಶರಣು.

ಗಂಟಲಿಗೆ ಏನಾಗಿದೆ ಟೀಚರ್? ಒಂದೇ ಸಾಲಿನಲ್ಲಿ ಬರೆದು ಬಿಟ್ಟಿರಿ, ನನಗೆ ಅವತ್ತಿನಿಂದ ಸಮಾಧಾನ ಇಲ್ಲ. ಮೂವತ್ತು ವರ್ಷ ನಮ್ಮಂಥ ಕಪಿಗಳ ಮುಂದೆ ಕೂಗಿ ಕೂಗಿ ಹೀಗಾಗಿರಬೇಕು. ಇದರ ಜೊತೆ ಜ್ಯೇಷ್ಠಮಧು ಕಳಿಸಿದ್ದೇನೆ. ಬಾಯಲ್ಲಿಟ್ಟುಕೊಂಡು ರಸ ನುಂಗಿ. ಪಕ್ಕದ ಮನೆ ಜಂಬಕ್ಕ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ. ನಿಮ್ಮನ್ನು ನೋಡಿಲ್ಲ, ಆದರೂ ಹೊತ್ತಿದ್ದಾಳೆ. ಅವಳ ಸ್ವಭಾವವೇ ಹಾಗೆ.

ಭಾಷಣ ಬಾಯಿಗೆ ಬಂದಿದೆ. ರೊಟ್ಟಿ ಬಡಿಯುವಾಗ ಹೇಳುತ್ತೇನೆ, ನೀರು ತರುವಾಗ ಹೇಳುತ್ತೇನೆ. ಹುಲುಗೇಶನಿಗೂ ಅರ್ಧ ಬಂದುಬಿಟ್ಟಿದೆ. ಟ್ರ್ಯಾಕ್ಟರ್ ಹತ್ತುವಾಗ ನನಗೆ ‘ರೆಸ್ಪೆಕ್ಟೆಡ್ ಲೇಡೀಸ್’ ಎಂದು ಕೈಮುಗಿದು ಹೋಗುತ್ತಾರೆ.

ಒಂದು ವಿಷಯ ಮಾತ್ರ ಕಾಡುತ್ತಿದೆ. ನೀವು ನಮಗೆ ಕಲಿಸಿದ್ದು, “ಎಲ್ಲಾರೂ ಕೂಡಿ ಹೇಳ್ರಿ” ಎಂದು. ಅರವತ್ತು ಜನ ಒಂದೇ ಉಸಿರಿಗೆ ಹೇಳುತ್ತಿದ್ದೆವು, ಹೆಂಚು ಹಾರುವ ಹಾಗೆ. ನನ್ನದು ಗಟ್ಟಿ ದನಿ ಎಂದಿರಿ. ನಿಜ, ಆದರೆ ಅದು ಐವತ್ತೊಂಬತ್ತು ಜನ ಜೊತೆಗಿದ್ದಾಗ. ಮೊನ್ನೆ ಕೆರೆ ಏರಿಯ ಮೇಲೆ ಒಬ್ಬಳೇ ನಿಂತು ‘ಗುಡ್ ಮಾರ್ನಿಂಗ್’ ಎಂದೆ. ಯಾರೋ ಬೇರೆಯವರು ಹೇಳಿದಂತಾಯಿತು. ಯೋಚಿಸಿ ನೋಡಿದರೆ ನಾನು ಜನ್ಮದಲ್ಲಿ ಒಂದು ಸಲವೂ ಒಬ್ಬಳೇ ಇಂಗ್ಲಿಷ್ ಮಾತಾಡಿಲ್ಲ.

ಇನ್ನೊಂದು. ಅವರು ನಡುವೆ ಏನಾದರೂ ಕೇಳಿದರೆ? ಐದು ನಿಮಿಷ ಫೋನಿನಲ್ಲಿ ಹೇಳಿಕೊಡಿ. ಪಿಸುಮಾತಿನಲ್ಲಿ ಹೇಳಿದರೂ ಸಾಕು.

ಯಶೋಧಾ


ಕೊಟ್ಟೂರು
18 ಜುಲೈ 2024

ಯಶೋಧಾ,

ಜ್ಯೇಷ್ಠಮಧು ಬಂತು. ಜಂಬಕ್ಕನಿಗೆ ಹರಕೆ ಬಿಡಲು ಹೇಳು, ಅಷ್ಟೇನೂ ಆಗಿಲ್ಲ. ಆದರೆ ಫೋನ್ ಬೇಡ.

ನೀನು ಸುಮ್ಮನೆ ಹೆದರುತ್ತಿದ್ದೀ. ಭಾಷಣದಲ್ಲಿ ಎಲ್ಲವೂ ಇದೆ. ಕೆರೆಯ ಅಳತೆ, ಹಕ್ಕಿಗಳ ಹೆಸರು, ಪರಿಸರ ಏಕೆ ಮುಖ್ಯ, ಎಲ್ಲವೂ. ಪೂರ್ತಿ ಹೇಳಿದರೆ ಕೇಳಲು ಏನೂ ಉಳಿಯುವುದಿಲ್ಲ. ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಪಾಠ ಪೂರ್ತಿ ಹೇಳಿದ ಮೇಲೆ ಒಂದು ಮಗುವೂ ಪ್ರಶ್ನೆ ಕೇಳಿದ್ದಿಲ್ಲ.

ಎರಡನೇ ಪುಟದ ಒಂದು ವಾಕ್ಯ ತಿದ್ದಿ ಇದರ ಜೊತೆ ಇಟ್ಟಿದ್ದೇನೆ, ಅದನ್ನೇ ಹೇಳು. ಧೈರ್ಯವಾಗಿ ಹೋಗಿ ಬಾ.

ಕಲ್ಯಾಣಮ್ಮ


ಹಗರಿಬೊಮ್ಮನಹಳ್ಳಿ ತಾಲ್ಲೂಕು
24 ಆಗಸ್ಟ್ 2024

ಟೀಚರ್‌ಗೆ ಶರಣು.

ಪರೀಕ್ಷೆ ಮುಂದಕ್ಕೆ ಹೋಗಿದೆ. ಡಿಸೆಂಬರ್ ಎನ್ನುತ್ತಾರೆ. ನೀವು ಅದರ ಚಿಂತೆ ಬಿಡಿ, ಗಂಟಲು ನೋಡಿಕೊಳ್ಳಿ. ಟ್ರ್ಯಾಕ್ಟರಿನ ಸಾಮಾನು ತರಲು ಮುಂದಿನ ವಾರ ಹುಲುಗೇಶ ಕೊಟ್ಟೂರಿಗೆ ಬರುತ್ತಾರೆ. ಅವರ ಕೈಲಿ ಜೇನುತುಪ್ಪ ಕಳಿಸುತ್ತೇನೆ. ನೀವು ಅವರ ಜೊತೆ ಮಾತಾಡಬೇಕಾಗಿಲ್ಲ, ಕೈಸನ್ನೆ ಮಾಡಿದರೆ ಸಾಕು ಎಂದು ಹೇಳಿದ್ದೇನೆ.

ಉಳ್ಳಾಗಡ್ಡಿ ಹೊಲದಲ್ಲಿ ಕಳೆ ಬಹಳ ಆಗಿದೆ. ಕೆಲಸ ಜಾಸ್ತಿ. ಹೆಚ್ಚು ಬರೆಯಲಾರೆ.

ಯಶೋಧಾ


ಕೊಟ್ಟೂರು
2 ಸೆಪ್ಟೆಂಬರ್ 2024

ಯಶೋಧಾ,

ನಿನ್ನ ಗಂಡ ಊರು ತಲುಪಿದ ಮೇಲೆ ನಿನಗೆ ಎಲ್ಲ ಹೇಳಿರುತ್ತಾನೆ. ಆದರೂ ನನ್ನ ಬಾಯಿಂದಲೇ ಕೇಳು, ಅದು ನನಗೆ ಆಗಬೇಕಾದ ಶಿಕ್ಷೆ.

ಮೊನ್ನೆ ಬೆಳಿಗ್ಗೆ ಹಾಲಿನ ಮಂಜಣ್ಣನ ಜೊತೆ ನನಗೆ ಜಗಳ. ಒಂದು ವಾರದಿಂದ ಹಾಲು ನೀರಿನಂತೆ ಬರುತ್ತಿತ್ತು. ಅಂಗಳದಲ್ಲಿ ನಿಂತು, “ಏನ್ ಮಂಜಣ್ಣಾ, ಎಮ್ಮಿ ಹಿಂಡ್ತೀಯೋ ಬೋರ್‌ವೆಲ್ ಹಿಂಡ್ತೀಯೋ!” ಎಂದು ಕೂಗಿದೆ. ಮೂರನೇ ಓಣಿಗೆ ಕೇಳಿಸಿರಬೇಕು. ತಿರುಗಿ ನೋಡಿದರೆ ಗೇಟಿನ ಹತ್ತಿರ ಜೇನಿನ ಬಾಟಲಿ ಹಿಡಿದುಕೊಂಡು ಒಬ್ಬ ನಿಂತಿದ್ದಾನೆ. ಬಾಯಿ ತೆರೆದದ್ದು ತೆರೆದೇ ಇದೆ.

“ನಾ ಯಶೋಧಾನ ಗಂಡರಿ. ಟೀಚರ್‌ಗೆ ಮಾತು ಬಿದ್ದೈತಿ ಅಂದಿದ್ಲು. ಅವರ ಅಕ್ಕಾರೋ ತಂಗೇರೋ ನೀವು?” ಎಂದ.

ನಾನು ಸುಳ್ಳು ಹೇಳಬಹುದಿತ್ತು. ತಂಗಿ ಎಂದು ಬಾಯಿಗೆ ಬಂದೇ ಬಿಟ್ಟಿತ್ತು. ಆದರೆ ನಾನೇ ಟೀಚರ್ ಎಂದುಬಿಟ್ಟೆ. ಅವನ ಮುಖದಲ್ಲಿ ಎಷ್ಟು ಸಂತೋಷ ಬಂತೆಂದರೆ, “ನೀವ ಟೀಚರ್ರಾ? ಗಂಟ್ಲ ವಾಸಿ ಆತನ್ರಿ? ಹುಲಿಗೆಮ್ಮ ಕಣ್ಣು ಬಿಟ್ಲು ಬಿಡ್ರಿ!” ಎಂದು ಅಲ್ಲೇ ಕೈಮುಗಿದ. ಒಳಗೆ ಕರೆದು ಚಹಾ ಕೊಟ್ಟೆ. ಪರೀಕ್ಷೆ ಡಿಸೆಂಬರ್‌ಗೆ ಹೋಯಿತಂತೆ ಎಂದೆ. ಅವನು ಲೋಟ ಕೆಳಗಿಟ್ಟ.

“ಹೋಗಿಲ್ಲರಿ. ಆತು ಅದು. ನಿಮಗ ಆರಾಮಿಲ್ಲಂತ ಹೇಳಿಲ್ಲ ಆಕಿ.”

ನೀನು ಹತ್ತು ನಿಮಿಷ ಒಂದು ಅಕ್ಷರ ತಪ್ಪದೆ ಹೇಳಿದೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಆಮೇಲೆ ಒಬ್ಬ ಹೆಂಗಸು ನಗುತ್ತಾ ಏನೋ ಚಿಕ್ಕದೊಂದು ಪ್ರಶ್ನೆ ಕೇಳಿದಳಂತೆ. ನೀನು ಮತ್ತೆ ‘ಗುಡ್ ಮಾರ್ನಿಂಗ್, ರೆಸ್ಪೆಕ್ಟೆಡ್ ಲೇಡೀಸ್’ ಎಂದು ಮೊದಲಿನಿಂದ ಶುರು ಮಾಡಿದೆಯಂತೆ. ತಡೆದು ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಮೊದಲಿನಿಂದ. ಮೂರನೇ ಸಲ ಅವರೇ ಸಾಕು ಎಂದರಂತೆ. ಯಾರನ್ನೂ ಆರಿಸಲಿಲ್ಲ, ಡಿಸೆಂಬರ್‌ನಲ್ಲಿ ಇನ್ನೊಂದು ಅವಕಾಶ ಎಂದು ಹೋದರು ಎಂದ. ಎರಡು ದಿನ ನೀನು ಕೆರೆ ಕಡೆ ಮುಖ ಹಾಕಲಿಲ್ಲ ಎಂದೂ ಹೇಳಿದ.

ಯಶೋಧಾ, ನನಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ.

ಬರೆಯುತ್ತೇನೆ. ಓದುತ್ತೇನೆ. ವ್ಯಾಕರಣ ಕೇಳು, ನಿದ್ದೆಯಲ್ಲಿ ಹೇಳುತ್ತೇನೆ. ಆದರೆ ಎದುರಿಗೆ ನಿಂತ ಮನುಷ್ಯನ ಜೊತೆ ಒಂದು ಮಾತು, ಒಂದೇ ಒಂದು ಮಾತು, ಅರವತ್ತಾರು ವರ್ಷದಲ್ಲಿ ಆಡಿಲ್ಲ. ನನಗೆ ಕಲಿಸಿದವರೂ ಆಡಿದ್ದನ್ನು ಕೇಳಿಲ್ಲ. ತಪ್ಪಾಡಿದರೆ ಇಂಗ್ಲಿಷ್ ಟೀಚರ್‌ಗೇ ಬರುವುದಿಲ್ಲ ಎನ್ನುತ್ತಾರೆಂಬ ಭಯ. ಒಂದು ಸಲ ಇನ್‌ಸ್ಪೆಕ್ಟರ್ ಬಂದು ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಗಂಟಲು ಮುಟ್ಟಿ ತೋರಿಸಿ ಕೆಮ್ಮಿದೆ. ಅವತ್ತಿನಿಂದ ಕಷ್ಟ ಬಂದಾಗಲೆಲ್ಲ ನನ್ನ ಗಂಟಲು ಕೆಡುತ್ತದೆ.

ಎಲ್ಲರೂ ಕೂಡಿ ಹೇಳ್ರಿ ಎಂದು ಏಕೆ ಹೇಳುತ್ತಿದ್ದೆ ಗೊತ್ತೇ? ಅರವತ್ತು ಮಕ್ಕಳು ಒಟ್ಟಿಗೆ ಕೂಗುತ್ತಿದ್ದರೆ ಟೀಚರ್ ಮಾತಾಡಬೇಕಾಗಿಲ್ಲ. ಯಾವ ಮಗುವೂ ಎದ್ದು ನಿಂತು ಕೇಳುವುದಿಲ್ಲ. ಪ್ರಶ್ನೆ ಬರುವುದಿಲ್ಲ ಎಂದು ನಿನಗೆ ಬರೆದೆನಲ್ಲ, ನಾನು ಬರಲು ಬಿಟ್ಟಿರಲಿಲ್ಲ. ನನ್ನ ಭಯವನ್ನು ನಾಲ್ಕು ಪುಟದಲ್ಲಿ ಬರೆದು ನಿನ್ನ ಕೈಗೆ ಕೊಟ್ಟೆ. ನೀನು ಅದನ್ನು ಬಾಯಿಪಾಠ ಮಾಡಿದೆ.

ಜೇನುತುಪ್ಪ ಮುಟ್ಟಿಲ್ಲ. ಮುಟ್ಟುವ ಮುಖ ನನಗಿಲ್ಲ.

ಕಲ್ಯಾಣಮ್ಮ


ಹಗರಿಬೊಮ್ಮನಹಳ್ಳಿ ತಾಲ್ಲೂಕು
27 ಸೆಪ್ಟೆಂಬರ್ 2024

ಟೀಚರ್‌ಗೆ ಶರಣು.

ಇಷ್ಟು ದಿನ ಬರೆಯಲಿಲ್ಲ. ಕೆಲಸವಿತ್ತು ಎಂದು ಬರೆದರೆ ನಾನೂ ಗಂಟಲು ಮುಟ್ಟಿ ತೋರಿಸಿದಂತಾಗುತ್ತದೆ. ಸಿಟ್ಟು ಬಂದಿತ್ತು. ನಿಮ್ಮ ಪತ್ರ ಓದಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ. ಫೋನಿನಲ್ಲಿ ಒಂದು ಮಾತು, “ನನಗೂ ಬರಂಗಿಲ್ಲವಾ” ಎಂದಿದ್ದರೆ ನಾನು ಬೇರೆ ದಾರಿ ನೋಡುತ್ತಿದ್ದೆ. ಅಷ್ಟು ಜನರ ಮುಂದೆ ಮೂರು ಸಲ ‘ರೆಸ್ಪೆಕ್ಟೆಡ್ ಲೇಡೀಸ್’ ಎನ್ನುತ್ತಿರಲಿಲ್ಲ. ಆ ಹೆಂಗಸು ಕೇಳಿದ್ದೇನು ಗೊತ್ತೇ? ಮನೆಗೆ ಬಂದ ಮೇಲೆ ಹೊಳೆಯಿತು. ‘ನಿನಗೆ ಇಷ್ಟವಾದ ಹಕ್ಕಿ ಯಾವುದು?’ ಅಷ್ಟೇ. ಬಾಯಿಕಳಕ ಕೊಕ್ಕರೆ ಎಂದು ಬೆರಳು ತೋರಿಸಿದ್ದರೂ ಆಗುತ್ತಿತ್ತು.

ಬೈಯುವುದು ಮುಗಿಯಿತು. ಈಗ ಬೇರೆ ಸುದ್ದಿ.

ಉಳ್ಳಾಗಡ್ಡಿ ಹೊಲದಲ್ಲಿ ನಾವು ಐದು ಜನ ಕಳೆ ತೆಗೆಯುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಕೂತು ಕೀಳುತ್ತಾ ಹೋಗಬೇಕು, ಸಾಲಿನ ಕೊನೆ ಮುಟ್ಟುವ ತನಕ ಏಳುವಂತಿಲ್ಲ. ನಡುವೆ ಒಂದೆರಡು ಕಳೆ ಉಳಿದರೂ ಹಿಂದೆ ತಿರುಗಿ ಹೋಗುವುದಿಲ್ಲ, ಎರಡನೇ ಸಲ ಬಂದಾಗ ತೆಗೆಯುತ್ತೇವೆ. ಹಿಂದೆ ತಿರುಗಿದವಳು ಎಲ್ಲರನ್ನೂ ನಿಲ್ಲಿಸುತ್ತಾಳೆ. ನಮ್ಮ ಕಡೆ ಇದು ಎಷ್ಟು ಹಳೆಯ ಪದ್ಧತಿ ಎಂದರೆ ಯಾರೂ ಇದನ್ನು ಪದ್ಧತಿ ಎಂದೇ ಅಂದುಕೊಂಡಿಲ್ಲ.

ನಾನು ಸಪ್ಪಗೆ ಕೂತಿದ್ದು ನೋಡಿ ಜಂಬಕ್ಕ ಕೇಳಿದಳು, “ಯಾಕ, ಇಂಗ್ಲೀಷು ಮರ್ತಿಯೇನು?”

“ಕೇಳಿದ್ರ ಹೇಳಾಕ ಬರಂಗಿಲ್ಲ ಜಂಬಕ್ಕ. ನಡುವ ತಪ್ಪಿದ್ರ ಮತ್ತ ಮೊದಲಿಗೇ ಹೋಗ್ತೀನಿ.”

“ಮೊದಲಿಗ್ಯಾಕ ಹೋಗ್ತಿ? ಕಳಿ ಉಳದ್ರ ಸಾಲಿನ ಮೊದಲಿಗೆ ಹೋಗ್ತೀವನು? ನಾ ಕೇಳ್ತೀನಿ, ಸಾಲು ಮುಗಿಯೋತನಕ ಹೇಳು. ನಿಲ್ಲಬ್ಯಾಡ.”

ಹೀಗೆ ಶುರುವಾಯಿತು. ಅವಳು ಕನ್ನಡದಲ್ಲಿ ಕೇಳುತ್ತಾಳೆ, ನಾನು ಇಂಗ್ಲಿಷಿನಲ್ಲಿ ಹೇಳಬೇಕು. ಅವರಿಗೆ ಒಂದಕ್ಷರ ತಿಳಿಯುವುದಿಲ್ಲ. ಆದರೆ ನಾನು ನಿಂತರೆ ತಿಳಿಯುತ್ತದೆ. ನಿಂತರೆ ನಾಲ್ವರೂ ಸೇರಿ, “ನಿಂತಳ ನಿಂತಳ!” ಎಂದು ಕೂಗುತ್ತಾರೆ. ಮಾತು ಸಿಗದಿದ್ದರೆ ಕೈ ಆಡಿಸುತ್ತೇನೆ, ರೆಕ್ಕೆ ಬಡಿಯುತ್ತೇನೆ, ಇದ್ದಬದ್ದ ಶಬ್ದ ಹಾಕಿ ಮುಂದೆ ಸಾಗುತ್ತೇನೆ. ಮೊದಲ ದಿನ ಸಾಲಿನ ಕಾಲುಭಾಗ ಹೋದೆ. ನಿನ್ನೆ ಎರಡು ಸಾಲು ಪೂರ್ತಿ. ಒಬ್ಬಳೇ, ಐವತ್ತೊಂಬತ್ತು ಜನ ಇಲ್ಲದೆ.

ನಿಮ್ಮ ಭಾಷಣವನ್ನೂ ಬಿಟ್ಟಿಲ್ಲ ಟೀಚರ್. ಶಬ್ದಗಳೆಲ್ಲ ಅದರಿಂದಲೇ ಕಿತ್ತುಕೊಳ್ಳುತ್ತಿದ್ದೇನೆ. ನೀವು ಕೊಟ್ಟಿದ್ದು ಸುಳ್ಳೇನಲ್ಲ, ಅರ್ಧ ಅಷ್ಟೇ.

ಜೇನುತುಪ್ಪ ತಿನ್ನಿ. ಕೆಡಿಸಬೇಡಿ.

ಯಶೋಧಾ


ಕೊಟ್ಟೂರು
10 ಅಕ್ಟೋಬರ್ 2024

ಯಶೋಧಾ,

ಇವತ್ತು ಬಿಸಿರೊಟ್ಟಿಗೆ ಜೇನುತುಪ್ಪ ಹಚ್ಚಿಕೊಂಡು ತಿಂದೆ. ಅಳು ಬಂತು, ಚೆನ್ನಾಗಿಯೂ ಇತ್ತು.

ನಿನ್ನ ಸಿಟ್ಟು ಸರಿ. ಅದನ್ನು ಬರೆದದ್ದು ಇನ್ನೂ ಸರಿ.

ಈ ಸಲ ಭಾಷಣ ಕಳಿಸುತ್ತಿಲ್ಲ. ಇದರ ಜೊತೆ ಮೂವತ್ತು ಪ್ರಶ್ನೆ ಇವೆ, ಇಂಗ್ಲಿಷಿನಲ್ಲಿ. ಕೆಳಗೆ ಕನ್ನಡದಲ್ಲಿ ಅರ್ಥ ಬರೆದಿದ್ದೇನೆ, ಜಂಬಕ್ಕನಿಗೆ ಓದಿ ಹೇಳು. ಉತ್ತರ ಬರೆದಿಲ್ಲ. ಬರೆಯಲು ಕೈ ತುರಿಸಿತು, ಕೈಯನ್ನು ಕಟ್ಟಿ ಕೂತೆ. ಇಪ್ಪತ್ತೆಂಟನೆಯದು ನನ್ನ ಸ್ವಂತ ಪ್ರಶ್ನೆ: ನೀರಿನಲ್ಲೇ ನಿಂತರೂ ಆ ಜಾಲಿ ಮರ ಯಾಕೆ ಕೊಳೆಯುವುದಿಲ್ಲ? ನನಗೆ ಉತ್ತರ ಗೊತ್ತಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕಾಗದದ ಮೇಲೆ ಬರೆದದ್ದು ಇದೇ ಮೊದಲು.

ಇನ್ನೊಂದು ಗುಟ್ಟು. ನಾನೂ ಸಾಲು ಹಿಡಿದಿದ್ದೇನೆ. ಇಲ್ಲಿ ಉಳ್ಳಾಗಡ್ಡಿ ಹೊಲ ಇಲ್ಲ, ಅಂಗಳದಿಂದ ಹಿತ್ತಿಲ ತನಕ ಗುಡಿಸುವಾಗ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ. ಪೊರಕೆ ನಿಲ್ಲುವ ತನಕ ಮಾತು ನಿಲ್ಲಬಾರದು. ಪಕ್ಕದ ಮನೆ ಗೀತಾಂಜಲಿ ಗೋಡೆ ಮೇಲಿಂದ ಇಣುಕಿ, “ಯಾರ ಬಂದಾರ ಟೀಚರ್?” ಎಂದಳು. ಯಾರೂ ಇಲ್ಲ ಎಂದೆ. ಅವತ್ತಿನಿಂದ ಮಧ್ಯಾಹ್ನಕ್ಕೊಮ್ಮೆ ಬಂದು ನನ್ನ ಹಣೆ ಮುಟ್ಟಿ ನೋಡಿ ಹೋಗುತ್ತಾಳೆ.

ಪೊರಕೆಯ ಮುಂದೆ ಮಾತು ಬರುತ್ತಿದೆ. ಮನುಷ್ಯರ ಮುಂದೆ ಇನ್ನೂ ಇಲ್ಲ.

ಕಲ್ಯಾಣಮ್ಮ


ಕೊಟ್ಟೂರು
14 ನವೆಂಬರ್ 2024

ಯಶೋಧಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಾಳೆಯ ತನಕ ಇಟ್ಟುಕೊಳ್ಳಲಾರೆ.

ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆ ಎಂದು ತೋರಿಸಿ ಬರಬೇಕು, ನಿನಗೆ ಗೊತ್ತಿರಬಹುದು. ಇಲ್ಲಿಗೆ ಹೊಸದಾಗಿ ಒರಿಸ್ಸಾ ಕಡೆಯ ಹುಡುಗಿ ಆಫೀಸರಾಗಿ ಬಂದಿದ್ದಾಳೆ. ಕನ್ನಡ ಇನ್ನೂ ಬಾರದು. ಅವಳು ಬಂದಾಗಿನಿಂದ ನಾನು ಗೀತಾಂಜಲಿಯ ತಮ್ಮ ಅರುಣಕುಮಾರನನ್ನು ಕರೆದುಕೊಂಡೇ ಹೋಗುತ್ತಿದ್ದೆ. ಅವನು ಇಂಗ್ಲಿಷಿನಲ್ಲಿ ಮಾತಾಡುವುದು, ನಾನು ಗಂಟಲು ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು.

ಇವತ್ತು ಅವನು ಊರಲ್ಲಿ ಇರಲಿಲ್ಲ. ಸೋಮವಾರ ಹೋದರಾಯಿತು ಎಂದುಕೊಂಡು ಸೀರೆ ಬಿಚ್ಚಿಡಲು ಹೊರಟವಳು ನಿಂತೆ. ನೀನು ನೆನಪಾದೆ. ಮೂರು ಸಲ ಮೊದಲಿನಿಂದ ಶುರು ಮಾಡಿ, ನಗೆಪಾಟಲಾಗಿ, ಮತ್ತೆ ಹೊಲದಲ್ಲಿ ಕೂತು ರೆಕ್ಕೆ ಬಡಿದವಳು. ಕೊಡೆ ತೆಗೆದುಕೊಂಡು ಹೊರಟುಬಿಟ್ಟೆ.

ನನ್ನ ಸರದಿ ಬಂತು. ಹುಡುಗಿ ತಲೆಯೆತ್ತಿ, “ಯೆಸ್ ಮ್ಯಾಡಮ್?” ಎಂದಳು. ಮನೆಯಿಂದ ಉದ್ದನೆಯ ಒಂದು ವಾಕ್ಯ ಜೋಡಿಸಿಕೊಂಡು ಹೋಗಿದ್ದೆ, ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲದ್ದು. ಅವಳ ಮುಖ ನೋಡಿದ ತಕ್ಷಣ ಪೂರ್ತಿ ಮರೆತುಹೋಯಿತು. ಕೈ ಗಂಟಲಿನ ಕಡೆ ಹೊರಟಿತು. ಹಿಂದೆ ಹತ್ತು ಜನ ನಿಂತಿದ್ದಾರೆ. ಸಾಲು ಮುಗಿಸಬೇಕು ಎಂದುಕೊಂಡೆ. ಎದೆಯ ಮೇಲೆ ಕೈಯಿಟ್ಟು ಬಾಯಿಗೆ ಬಂದದ್ದನ್ನು ಹೇಳಿದೆ.

“ಐ ಯಾಮ್ ಅಲೈವ್.”

ಯಶೋಧಾ, ಇನ್ನೊಬ್ಬರ ಜೊತೆ ನಾನು ಆಡಿದ ಮೊದಲ ಇಂಗ್ಲಿಷ್ ಮಾತು ಅದು.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಎಷ್ಟು ಚೆನ್ನಾಗಿ ನಕ್ಕಳೆಂದರೆ ನಾನೂ ನಕ್ಕೆ. ಫಾರಂ ತುಂಬುತ್ತಾ ಏನೇನೋ ಕೇಳಿದಳು, ಹೇಳಿದೆ. ಅರ್ಧ ತಪ್ಪು. ಬಾಗಿಲಿಗೆ ಬಂದ ಮೇಲೆ ನನಗೇ ನಾಲ್ಕು ತಪ್ಪು ಸಿಕ್ಕವು, ತಿರುಗಿ ಹೋಗಿ ತಿದ್ದಬೇಕೆನಿಸಿತು. ಹೋಗಲಿಲ್ಲ, ಎರಡನೇ ಸಲ ಬಂದಾಗ ತೆಗೆದರಾಯಿತು. ಅವಳ ಹೆಸರೂ ಕೇಳಿದೆ, ಇಂಗ್ಲಿಷಿನಲ್ಲೇ. ದಾರಿಯುದ್ದಕ್ಕೂ ಬಿಸಿಲಿತ್ತು, ಕೊಡೆ ಬಿಚ್ಚುವುದು ಮರೆತೆ.

ನಿನ್ನ ಪರೀಕ್ಷೆ ಯಾವತ್ತು?

ಕಲ್ಯಾಣಮ್ಮ


ಹಗರಿಬೊಮ್ಮನಹಳ್ಳಿ ತಾಲ್ಲೂಕು
9 ಡಿಸೆಂಬರ್ 2024

ಪ್ರೀತಿಯ ಟೀಚರ್‌ಗೆ ಶರಣು.

ನಿಮ್ಮ ಬ್ಯಾಂಕಿನ ಪತ್ರವನ್ನು ಹೊಲದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಈಗ ಬೆಳಿಗ್ಗೆ ಕೆಲಸಕ್ಕೆ ಬಂದವರೆಲ್ಲ ಎದೆ ಮುಟ್ಟಿಕೊಂಡು ‘ಐ ಯಾಮ್ ಅಲೈವ್’ ಎನ್ನುತ್ತಾರೆ. ಜಂಬಕ್ಕ ತನ್ನ ಹರಕೆ ಫಲಿಸಿತು ಎನ್ನುತ್ತಿದ್ದಾಳೆ, ನಾನು ಇಲ್ಲ ಎನ್ನಲಿಲ್ಲ.

ಪರೀಕ್ಷೆ ನಿನ್ನೆ ಆಯಿತು. ಒಂದೊಂದಾಗಿ ಹೇಳುತ್ತೇನೆ, ಕೊನೆ ಸಾಲಿಗೆ ಹಾರಬೇಡಿ.

ಮೂರು ಜನ ಹೆಸರು ಕೊಟ್ಟಿದ್ದೆವು. ನನ್ನ ಜೊತೆ ಇನ್ನಿಬ್ಬರು, ಡಿಗ್ರಿ ಓದಿದ ಹುಡುಗರು, ನಮ್ಮೂರಿನವರೇ. ಬಂದವರು ಎಂಟು ಮಂದಿ, ಆಗಸ್ಟ್‌ನಲ್ಲಿ ಬಂದಿದ್ದ ಆ ಹೆಂಗಸೂ ಇದ್ದಳು. ನನ್ನನ್ನು ಗುರುತು ಹಿಡಿದಳು. ಗುಡ್ ಮಾರ್ನಿಂಗ್ ಮಾತ್ರ ಹೇಳಿ, ರೆಸ್ಪೆಕ್ಟೆಡ್ ಲೇಡೀಸ್ ಅನ್ನು ಮನೆಯಲ್ಲೇ ಬಿಟ್ಟೆ. ಏರಿಯ ಮೇಲೆ ನಡೆಯುತ್ತಾ ಹೇಳುತ್ತಾ ಹೋದೆ. ಅವರು ಕೇಳಿದರು, ನಾನು ಹೇಳಿದೆ. ಎಲ್ಲೆಲ್ಲಿ ಶಬ್ದ ಸಿಗಲಿಲ್ಲವೋ ಅಲ್ಲೆಲ್ಲ ರೆಕ್ಕೆ. ಒಬ್ಬ ಮುದುಕ ಸಾಹೇಬರು, ಆಣೆ ಮಾಡಿ ಹೇಳುತ್ತೇನೆ, ನಿಮ್ಮ ಇಪ್ಪತ್ತೆಂಟನೇ ಪ್ರಶ್ನೆಯನ್ನೇ ಕೇಳಿದರು! ಮರ ಯಾಕೆ ಕೊಳೆಯುವುದಿಲ್ಲ ಎಂದು. ನಾನು, “ಐ ಡೋಂಟ್ ನೋ. ಮೈ ಟೀಚರ್ ಆಲ್ಸೋ ಆಸ್ಕ್. ಶಿ ಆಲ್ಸೋ ಡೋಂಟ್ ನೋ,” ಎಂದೆ. ಎಲ್ಲರೂ ನಕ್ಕರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಆಮೇಲೆ ಆದದ್ದು ಕೇಳಿ. ದೊಡ್ಡ ಕ್ಯಾಮೆರಾದವರೊಬ್ಬರು ಏರಿಯಿಂದ ಇಳಿದು ನೀರಿನ ಕಡೆ ನಡೆದರು. ಮುಂದೆ ಬಣ್ಣದ ಕೊಕ್ಕರೆಗಳ ಗೂಡಿನ ಮರ. ಆ ಎರಡು ಮರಿ ಕಣ್ಣ ಮುಂದೆ ಬಂದವು. ಇದು ಪರೀಕ್ಷೆ ಎಂಬುದೇ ಮರೆತುಹೋಯಿತು.

“ಸ್ಟಾಪ್! ನೋ ಗೋಯಿಂಗ್! ಯು ಗೋ, ಮದರ್ ಫ್ಲೈ. ಮದರ್ ಫ್ಲೈ, ಬೇಬಿ ಫಾಲ್. ಬೇಬಿ ಫಾಲ್, ಬೇಬಿ ಡೈ. ಐ ಸಾ. ಪ್ಲೀಸ್ ಕಮ್ ಬ್ಯಾಕ್!”

ಆ ಮನುಷ್ಯ ನಿಂತರು ಟೀಚರ್. ಕೈ ಬೀಸಲಿಲ್ಲ. ಕ್ಯಾಮೆರಾ ಇಳಿಸಿ, ಸಾರಿ ಎಂದು ಹೇಳಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ವಾಪಸು ಬಂದರು. ಒಂದು ಹಕ್ಕಿಯೂ ಏಳಲಿಲ್ಲ. ಒಂದೂ ಏಳಲಿಲ್ಲ.

ಆ ಹೆಂಗಸು ನನ್ನ ಹತ್ತಿರ ಬಂದು, ಅವತ್ತಿನ ಪ್ರಶ್ನೆಯನ್ನೇ ಮೆಲ್ಲಗೆ ಕೇಳಿದಳು. ನಿನಗೆ ಇಷ್ಟವಾದ ಹಕ್ಕಿ ಯಾವುದು? ಬಾಯಿಕಳಕವನ್ನು ತೋರಿಸಿದೆ. ಯಾಕೆ ಎಂದಳು. ಅದರ ಕೊಕ್ಕು ಯಾವತ್ತೂ ಪೂರ್ತಿ ಮುಚ್ಚುವುದಿಲ್ಲ, ನಡುವೆ ಸಂದು ಇರುತ್ತದೆ, ಆದರೂ ಅದರಿಂದಲೇ ಬಸವನಹುಳು ಹಿಡಿದು ಮಕ್ಕಳನ್ನು ಸಾಕುತ್ತದೆ ಎಂದು ಹೇಳಿದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಎಷ್ಟು ಹೊತ್ತಾಯಿತು ಎಂದು ಕೇಳಬೇಡಿ. ಅವಳು ಪೂರ್ತಿ ಕೇಳಿದಳು.

ಈ ಹಂಗಾಮಿಗೆ ಗೈಡ್ ನಾನೇ. ಆ ಇಬ್ಬರು ಹುಡುಗರಲ್ಲಿ ಒಬ್ಬ ನನ್ನ ಜೊತೆ ಇದ್ದು ಹಕ್ಕಿ ಕಲಿಯುತ್ತಾನೆ, ನನಗೆ ಇಂಗ್ಲಿಷ್ ತಿದ್ದುತ್ತಾನೆ. ಬ್ಯಾಗು ಈಗ ಅವರವರೇ ಹೊರುತ್ತಾರೆ.

ಬನ್ನಿ ಟೀಚರ್. ಮರಿಗಳು ಕಣ್ಣು ಬಿಟ್ಟಿವೆ. ಕೊಟ್ಟೂರಿನಿಂದ ಬಸ್ಸಿದೆ, ಹುಲುಗೇಶ ಸ್ಟ್ಯಾಂಡಿಗೆ ಬರುತ್ತಾರೆ. ಟ್ರ್ಯಾಕ್ಟರಿನಲ್ಲಿ ಕೂರುತ್ತೀರಿ ತಾನೇ?

ಯಶೋಧಾ


ಕೊಟ್ಟೂರು
15 ಡಿಸೆಂಬರ್ 2024

ಯಶೋಧಾ,

ನೀನು ಬೇಡ ಎಂದರೂ ಮೊದಲು ಕೊನೆ ಸಾಲಿಗೇ ಹಾರಿದೆ. ಆಮೇಲೆ ಮೊದಲಿನಿಂದ ಓದಿದೆ. ಗೀತಾಂಜಲಿಗೆ ಓದಿ ಹೇಳಿದೆ, ಮಂಜಣ್ಣನಿಗೂ ಹೇಳಿದೆ. ಅವನು ಇವತ್ತು ಹಾಲು ಗಟ್ಟಿಯಾಗಿಯೇ ಹಾಕಿದ್ದಾನೆ.

‘ಯು ಗೋ, ಮದರ್ ಫ್ಲೈ.’ ನನ್ನ ಕೆಂಪು ಪೆನ್ನು ಆ ಸಾಲಿನ ಮೇಲೆ ಹೋಗಿ ನಿಂತಿತು. ಮುಚ್ಚಳ ಹಾಕಿ ಇಟ್ಟುಬಿಟ್ಟೆ. ಒಬ್ಬ ಮನುಷ್ಯನನ್ನು ಹಿಂದಕ್ಕೆ ಕರೆಸಿದ ಮಾತು ಅದು. ನಾಲ್ಕು ಪುಟದಲ್ಲಿ ನಾನು ಬರೆದ ಯಾವ ವಾಕ್ಯವೂ ಅಷ್ಟು ಕೆಲಸ ಮಾಡಲಿಲ್ಲ. ನನಗೆ ಹೆಮ್ಮೆಯಾಗಿದೆ, ತುಂಬಾ.

ಸಂಕ್ರಾಂತಿ ಮುಗಿಸಿಕೊಂಡು ಬರುತ್ತೇನೆ. ಟ್ರ್ಯಾಕ್ಟರ್ ಆದರೂ ಸರಿ, ಎತ್ತಿನ ಗಾಡಿ ಆದರೂ ಸರಿ. ಅಲ್ಲಿಯ ತನಕ ಇನ್ನು ಪತ್ರ ಬೇಡ. ನನ್ನ ನಂಬರ್ ಕೆಳಗೆ ಬರೆದಿದ್ದೇನೆ, ಜೂನ್‌ನಲ್ಲೇ ಬರೆಯಬೇಕಾಗಿದ್ದು. ದಿನಾ ಸಂಜೆ ಆರು ಗಂಟೆಗೆ ಫೋನ್ ಮಾಡು.

ಕನ್ನಡದಲ್ಲಿ ಮಾತಾಡಿದರೆ ಇಟ್ಟುಬಿಡುತ್ತೇನೆ. ತಡವರಿಸಿದರೆ ಇಡುವುದಿಲ್ಲ. ನಾನು ತಡವರಿಸಿದಾಗ ನೀನೂ ಇಡಬೇಡ.

ಕಲ್ಯಾಣಮ್ಮ